ಬಿ. ಬಸವಲಿಂಗಪ್ಪನವರ ಸಾರ್ವಜನಿಕ ದಾಖಲೆಗಳ ಪ್ರಕಟಣೆ ಕೋರಿ ಮನವಿ

ಇವರಿಗೆ:
ಕಾರ್ಯದರ್ಶಿಗಳು,
ಕನ್ನಡ ಮತ್ತು ಸಂಸ್ಕೃತಿ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ವಿಷಯ: ಮಾಜಿ ಸಚಿವ ದಿ. ಬಿ. ಬಸವಲಿಂಗಪ್ಪನವರ ಭಾಷಣ, ಆದೇಶ ಹಾಗೂ ಸಂಬಂಧಿಸಿದ ಕಡತಗಳನ್ನು ಸಂಪಾದಿಸಿ ಪ್ರಕಟಿಸುವ ಕುರಿತು.

ಬಸವಲಿಂಗಪ್ಪನವರ ಹೆಸರೆತ್ತಿದರೆ ನಾಡಿಗೆ ಮೊದಲು ನೆನಪಾಗುವುದು ಬೂಸಾ ಪ್ರಕರಣ. 1973ರ ನವೆಂಬರ್‌ನಲ್ಲಿ, ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟು ತಿಂಗಳೂ ತುಂಬಿರದಿದ್ದಾಗ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದು ಅವರು ಮೈಸೂರಿನ ಸಭೆಯೊಂದರಲ್ಲಿ ಹೇಳಿದರು. ಇಂಗ್ಲಿಷ್ ಕಲಿಯಿರಿ ಎಂದೂ ಹೇಳಿದರು. ವಿರೋಧ ಬೀದಿಗಿಳಿಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಕೊನೆಗೆ ಅವರು ದೇವರಾಜ ಅರಸು ಸಂಪುಟವನ್ನೇ ಬಿಡಬೇಕಾಯಿತು. ಆದರೆ ಪೌರಾಡಳಿತ ಸಚಿವರಾಗಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದವರೂ ಅವರೇ. ಇದೇ ಅನಿಷ್ಟದ ವಿರುದ್ಧ ಸಂಸತ್ತು ಕಾಯ್ದೆ ಮಾಡಿದ್ದು 1993ರಲ್ಲಿ, ಅಂದರೆ ಸುಮಾರು ಎರಡು ದಶಕಗಳ ಬಳಿಕ. ಸಚಿವರ ಪದವಿ ಕಳೆದ ಮಾತು ಎಲ್ಲರ ಬಾಯಲ್ಲಿ ಉಳಿದಿದೆ. ಅವರ ಆದೇಶದ ನೆನಪು ಮಾತ್ರ ಅಷ್ಟು ವ್ಯಾಪಕವಾಗಿಲ್ಲ.

ಆ ಮಾತನ್ನೂ ಆ ಆದೇಶವನ್ನೂ ಬೇರ್ಪಡಿಸಿ ನೋಡುವುದೇ ತಪ್ಪು ತಿಳಿವಳಿಕೆಗೆ ಮೂಲವೆಂಬುದು ನಮ್ಮ ವಾದ. ಊರಿನ ಹೊಲಸನ್ನು ಹೊರುವವರ ಬಾಳು ಊರಿನ ಸಾಹಿತ್ಯದಲ್ಲಿ ಎಷ್ಟರ ಮಟ್ಟಿಗೆ ಇದೆ ಎಂಬ ಪ್ರಶ್ನೆ, ಅವರು ಅದನ್ನು ಏಕೆ ಹೊರಬೇಕು ಎಂಬ ಪ್ರಶ್ನೆಯ ಮುಂದುವರಿಕೆಯೇ ಆಗಿತ್ತು. ಮುಂದೆ ನಡೆದದ್ದೇ ಇದಕ್ಕೆ ಸಾಕ್ಷಿ. ಆ ಗಲಭೆಯ ಬೇಗುದಿಯಲ್ಲಿ ಒಗ್ಗೂಡಿದ ಯುವಕರಿಂದ ದಲಿತ ಸಂಘರ್ಷ ಸಮಿತಿಯ ಚಳವಳಿ ಬೆಳೆಯಿತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’, 1984ರಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದವು. ಟೀಕೆಗೆ ಗುರಿಯಾದ ಭಾಷೆ ಅದರಿಂದ ಬಡವಾಗಲಿಲ್ಲ, ತಾನು ಅದುವರೆಗೆ ಕೇಳಿಸಿಕೊಳ್ಳದ ದನಿಗಳಿಗೆ ಬಾಗಿಲು ತೆರೆಯಿತು.

ಕನ್ನಡವನ್ನು ಹೀಗಳೆದವರ ಗ್ರಂಥವನ್ನು ಕನ್ನಡದ ಇಲಾಖೆಯೇ ಏಕೆ ತರಬೇಕು ಎಂಬ ಆಕ್ಷೇಪವನ್ನು ನಾವು ಬಲ್ಲೆವು. ಅವರ ಮಾತು ಒರಟಾಗಿತ್ತು, ಒಂದು ಪರಂಪರೆಯನ್ನು ಸಾರಾಸಗಟಾಗಿ ತಳ್ಳಿಹಾಕುವಂತಿತ್ತು ಎಂಬ ವಿಮರ್ಶೆಯಲ್ಲಿ ಹುರುಳಿದೆ. ಆದರೆ ಅಂದು ಅವರ ಪರ ನಿಂತವರಲ್ಲಿ ಕುವೆಂಪು ಅವರೂ ಇದ್ದರೆಂಬುದನ್ನು ಮರೆಯಲಾಗದು. ಪ್ರಕಟಿಸುವುದೆಂದರೆ ಒಪ್ಪುವುದೆಂದಲ್ಲ, ಆದ್ದರಿಂದಲೇ ವಿರೋಧಿಗಳ ಬರಹಗಳೂ ಅದೇ ಸಂಪುಟದಲ್ಲಿರಲಿ ಎನ್ನುತ್ತೇವೆ. ನಿಷೇಧದ ಆದೇಶ ಪೂರ್ಣ ಫಲ ಕೊಡಲಿಲ್ಲವೆಂಬುದು ಇನ್ನೊಂದು ಆಕ್ಷೇಪ. ಅದು ನಿಜ. 2010ರಲ್ಲಿ ಸವಣೂರಿನ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. 2013ರಲ್ಲಿ ಸಂಸತ್ತು ಮತ್ತೊಂದು ಕಾಯ್ದೆ ತರಬೇಕಾಯಿತು. ಆದೇಶ ಯಾವ ಪುರಸಭೆಯಲ್ಲಿ ಜಾರಿಯಾಯಿತು, ಎಲ್ಲಿ ಕಾಗದದಲ್ಲೇ ಉಳಿಯಿತು, ಕೆಲಸ ಕಳೆದುಕೊಂಡವರಿಗೆ ಬದಲಿ ಜೀವನೋಪಾಯ ಸಿಕ್ಕಿತೇ ಎಂಬುದನ್ನು ಹೇಳಬಲ್ಲವು ಆ ಕಾಲದ ಕಡತಗಳೇ. ವಿಫಲತೆಯ ಕಾರಣ ತಿಳಿಯಬೇಕಾದರೂ ಅವು ಬೇಕು.

ಪ್ರತಿಮೆಯನ್ನಾಗಲಿ ಜಯಂತಿಯ ರಜೆಯನ್ನಾಗಲಿ ನಾವು ಕೇಳುತ್ತಿಲ್ಲ. ನಮ್ಮ ಬೇಡಿಕೆಗಳು ಇಷ್ಟು:

1. ಬಸವಲಿಂಗಪ್ಪನವರ ವಿಧಾನಮಂಡಲದ ಭಾಷಣಗಳು, ಸಚಿವರಾಗಿ ಹೊರಡಿಸಿದ ಮುಖ್ಯ ಆದೇಶಗಳು ಮತ್ತು ಬೂಸಾ ಪ್ರಕರಣದ ಪರ-ವಿರೋಧ ಬರಹಗಳನ್ನು ಟಿಪ್ಪಣಿಗಳೊಂದಿಗೆ ಸಂಪಾದಿಸಿ ಸುಲಭ ಬೆಲೆಗೆ ಪ್ರಕಟಿಸಬೇಕು.

2. ಮಲ ಹೊರುವ ಪದ್ಧತಿಯ ನಿಷೇಧಕ್ಕೆ ಸಂಬಂಧಿಸಿದ ಕಡತಗಳನ್ನು ನಗರಸಭೆ, ಪುರಸಭೆಗಳಿಂದ ತರಿಸಿಕೊಂಡು, ರಾಜ್ಯ ಪತ್ರಾಗಾರ ಇಲಾಖೆಯಲ್ಲಿ ಸಂರಕ್ಷಿಸಿ, ಸಂಶೋಧಕರಿಗೆ ಮುಕ್ತವಾಗಿಸಬೇಕು.

3. ಆ ಕೆಲಸದಿಂದ ಬಿಡುಗಡೆ ಪಡೆದ ಹಿರಿಯ ಕಾರ್ಮಿಕರ ಮಾತುಗಳನ್ನು ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಬೇಕು. ಅವರಲ್ಲಿ ಅನೇಕರಿಗೆ ವಯಸ್ಸಾಗಿರುವುದರಿಂದ ಇದಕ್ಕೆ ಮೊದಲ ಆದ್ಯತೆ ಸಲ್ಲಬೇಕು.

4. ಸಂಪಾದಕ ಮಂಡಳಿಯಲ್ಲಿ ಇತಿಹಾಸಕಾರರು, ಸಾಹಿತ್ಯ ವಿಮರ್ಶಕರ ಜೊತೆಗೆ ಪೌರಕಾರ್ಮಿಕರ ಪ್ರತಿನಿಧಿಗಳೂ ಇರಬೇಕು.

ಈ ಮನವಿಯ ಬಗ್ಗೆ ಕೈಗೊಳ್ಳುವ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕೆಳಗೆ ಸಹಿ ಮಾಡಿರುವ ಅಧ್ಯಾಪಕರು, ಲೇಖಕರು ಮತ್ತು ನಾಗರಿಕರು