ಬೆತ್ತ ಹೋಯಿತು, ಅದರ ಜಾಗಕ್ಕೆ ಬಂದದ್ದೇನು?

ಶಾಲೆಯಲ್ಲಿ ಮಕ್ಕಳಿಗೆ ಹೊಡೆಯಬಾರದು ಎಂಬ ಕಾನೂನು ನಮ್ಮ ದೇಶದಲ್ಲಿ ಜಾರಿಗೆ ಬಂದು ಒಂದೂವರೆ ದಶಕ ಕಳೆದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿತು. 2010ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಆದರೂ ಶಿಕ್ಷಕ-ರಕ್ಷಕ ಸಭೆಗಳಲ್ಲಿ ಇಂದಿಗೂ ಒಂದು ಮಾತು ಕೇಳಿ ಬರುತ್ತದೆ: "ಪೆಟ್ಟು ಹೋಯಿತು, ಅದರ ಜೊತೆ ಶಿಸ್ತೂ ಹೋಯಿತು."

ಈ ಮಾತನ್ನು ಹಳೇ ಕಾಲದವರ ಗೊಣಗಾಟವೆಂದು ತಳ್ಳಿಹಾಕುವುದು ಸುಲಭ. ಆದರೆ ಅದರ ಹಿಂದೆ ನ್ಯಾಯವಾದ ಒಂದು ಪ್ರಶ್ನೆ ಅಡಗಿದೆ. ಬೆತ್ತವನ್ನು ಕಪಾಟಿನಲ್ಲಿಟ್ಟ ಮೇಲೆ ಅದರ ಜಾಗದಲ್ಲಿ ಶಾಲೆ ಏನನ್ನು ತಂದಿತು? ತಂದದ್ದು ತರಗತಿಯಲ್ಲಿ ನಿಜವಾಗಿ ನಡೆಯುತ್ತಿದೆಯೇ ಎಂದು ಪರೀಕ್ಷಿಸಿದವರು ಯಾರು?

ಇದು ಸಣ್ಣ ವಿಷಯವಲ್ಲ. ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ ಮಕ್ಕಳ ಮೇಲಿನ ದೌರ್ಜನ್ಯದ ಅಧ್ಯಯನದಲ್ಲಿ ಶಾಲೆಗೆ ಹೋಗುವ ಮಕ್ಕಳ ಪೈಕಿ ಶೇಕಡ 65ರಷ್ಟು ಮಂದಿ, ಅಂದರೆ ಮೂವರಲ್ಲಿ ಇಬ್ಬರು, ತಾವು ಶಾಲೆಯಲ್ಲಿ ಪೆಟ್ಟು ತಿಂದಿರುವುದಾಗಿ ಹೇಳಿದ್ದರು. ಅಷ್ಟು ಆಳವಾಗಿ ಬೇರೂರಿದ ಅಭ್ಯಾಸ ಒಂದು ಸೆಕ್ಷನ್‌ನಿಂದ ಮಾಯವಾಗದು. ಬದಲಿ ದಾರಿ ಗಟ್ಟಿಯಾಗಿರದಿದ್ದರೆ ಬೆತ್ತ ಮತ್ತೆ ಹೊರಗೆ ಬರುತ್ತದೆ. ಬೆತ್ತವಲ್ಲದಿದ್ದರೆ ಅವಮಾನದ ಮಾತು ಬರುತ್ತದೆ.

ಈ ಬದಲಿ ದಾರಿಗೆ ಶಿಕ್ಷಣ ತಜ್ಞರು ಇಟ್ಟಿರುವ ಹೆಸರು 'ಸಕಾರಾತ್ಮಕ ವರ್ತನಾ ಬೆಂಬಲ'. ಅದರ ತಿರುಳು ಸರಳ. ಮಗು ತಪ್ಪು ಮಾಡುವುದನ್ನೇ ಕಾದು ಕುಳಿತು ಶಿಕ್ಷಿಸುವ ಬದಲು, ಶಾಲೆ ಯಾವ ನಡತೆಯನ್ನು ಬಯಸುತ್ತದೆ ಎಂಬುದನ್ನು ಮೂರೋ ನಾಲ್ಕೋ ನಿಯಮಗಳಲ್ಲಿ ಸ್ಪಷ್ಟವಾಗಿ ಹೇಳುವುದು, ಗಣಿತ ಕಲಿಸಿದಂತೆ ಅದನ್ನೂ ಕಲಿಸುವುದು, ಪಾಲಿಸಿದ ಮಗುವನ್ನು ಗುರುತಿಸುವುದು. ತಪ್ಪಿದಾಗ ಎಲ್ಲ ಶಿಕ್ಷಕರೂ ಒಂದೇ ರೀತಿಯಲ್ಲಿ, ಸಮಾಧಾನದಿಂದ ತಿದ್ದುವುದು. ಇಷ್ಟು ಸಾಲದ ಮಕ್ಕಳಿಗೆ ಚಿಕ್ಕ ಗುಂಪಿನಲ್ಲಿ ನೆರವು. ಅದೂ ಸಾಲದ ಕೆಲವೇ ಮಕ್ಕಳಿಗೆ ಒಬ್ಬೊಬ್ಬರಿಗೂ ಪ್ರತ್ಯೇಕ ಯೋಜನೆ.

ಅಮೆರಿಕದಲ್ಲಿ 1997ರಲ್ಲಿ ವಿಕಲಚೇತನ ಮಕ್ಕಳ ಶಿಕ್ಷಣ ಕಾಯ್ದೆಗೆ ತಿದ್ದುಪಡಿಯಾದಾಗ ಈ ಪರಿಕಲ್ಪನೆ ಕಾನೂನಿನಲ್ಲಿ ಸ್ಥಾನ ಪಡೆಯಿತು. ಆರೆಗಾನ್ ವಿಶ್ವವಿದ್ಯಾನಿಲಯದ ರಾಬರ್ಟ್ ಹಾರ್ನರ್ ಮತ್ತು ಜಾರ್ಜ್ ಸುಗಾಯ್ ಇದಕ್ಕೆ ಶಾಲಾವ್ಯಾಪಿ ರೂಪ ಕೊಟ್ಟವರಲ್ಲಿ ಪ್ರಮುಖರು. ಈಗ ಅಲ್ಲಿ 25 ಸಾವಿರಕ್ಕೂ ಹೆಚ್ಚು ಶಾಲೆಗಳು ಇದನ್ನು ಅಳವಡಿಸಿಕೊಂಡಿವೆ. ಆದರೆ ನಮ್ಮ ಗಮನ ಸೆಳೆಯುವುದು ಶಾಲೆಗಳ ಸಂಖ್ಯೆಯಲ್ಲ. ಅವರು ಆರಂಭದಲ್ಲೇ ಕೇಳಿಕೊಂಡ ಒಂದು ಪ್ರಶ್ನೆ. ಕಾರ್ಯಕ್ರಮದಿಂದ ಪ್ರಯೋಜನವಾಯಿತೇ ಎಂದು ಕೇಳುವ ಮೊದಲು, ಕಾರ್ಯಕ್ರಮ ನಡೆಯಿತೇ ಎಂದು ಕೇಳಬೇಡವೇ?

ಅದಕ್ಕಾಗಿ ಅವರು 28 ಪ್ರಶ್ನೆಗಳ ಒಂದು ಮೌಲ್ಯಮಾಪನ ಪಟ್ಟಿಯನ್ನು ರೂಪಿಸಿದರು. ಅದರ ವಿಶ್ವಾಸಾರ್ಹತೆಯ ಕುರಿತಾದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಪ್ರತಿ ಪ್ರಶ್ನೆಗೆ ಸೊನ್ನೆ, ಒಂದು ಅಥವಾ ಎರಡು ಅಂಕ. ಮೌಲ್ಯಮಾಪಕರು ಹೊರಗಿನಿಂದ ಬರುತ್ತಾರೆ. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಕುಳಿತು ಫೈಲು ನೋಡಿ ಚಹಾ ಕುಡಿದು ಹೊರಡುವುದಿಲ್ಲ. ಕಡತಗಳ ಜೊತೆಗೆ ಶಾಲೆಯ ಹತ್ತು ಕಡೆ ನೋಡಿ ಎಂಟು ಕಡೆಯಾದರೂ ನಿಯಮಗಳನ್ನು ಹಾಕಲಾಗಿದೆಯೇ ಎಂದು ಪರಿಶೀಲಿಸುತ್ತಾರೆ. ಕನಿಷ್ಠ ಹತ್ತು ಮಂದಿ ಸಿಬ್ಬಂದಿಯನ್ನೂ ಹದಿನೈದು ಮಂದಿ ವಿದ್ಯಾರ್ಥಿಗಳನ್ನೂ ನಿಲ್ಲಿಸಿ ಮಾತನಾಡಿಸುತ್ತಾರೆ. ನಿಮ್ಮ ಶಾಲೆಯ ನಿಯಮಗಳು ಯಾವುವು? ಕಳೆದ ಎರಡು ತಿಂಗಳಲ್ಲಿ ನಿಮ್ಮ ಒಳ್ಳೆಯ ನಡತೆಯನ್ನು ಯಾರಾದರೂ ಗುರುತಿಸಿ ಬಹುಮಾನ ಕೊಟ್ಟಿದ್ದಾರೆಯೇ? ಕೇಳುವುದು ಇಂತಹ ಪ್ರಶ್ನೆಗಳನ್ನು.

ಇದರ ತೇರ್ಗಡೆಯ ಅಳತೆಗೋಲು ಇನ್ನೂ ಅರ್ಥಪೂರ್ಣವಾಗಿದೆ. ಒಟ್ಟಾರೆ ಶೇಕಡ 80 ಅಂಕ ಬಂದರೆ ಸಾಲದು. 'ನಡತೆಯನ್ನು ಕಲಿಸಲಾಗಿದೆ' ಎಂಬ ವಿಭಾಗವೊಂದರಲ್ಲೇ ಪ್ರತ್ಯೇಕವಾಗಿ ಶೇಕಡ 80 ಬರಬೇಕು. ಅಂದರೆ ಗೋಡೆಯ ಫಲಕ, ಸಮಿತಿಯ ನಡಾವಳಿ ಪುಸ್ತಕ, ಇಲಾಖೆಯ ಸುತ್ತೋಲೆ ಎಲ್ಲವೂ ಸರಿಯಿದ್ದು, ಮಗುವಿನ ಬಾಯಲ್ಲಿ ಉತ್ತರವಿಲ್ಲದಿದ್ದರೆ ಆ ಶಾಲೆ ತೇರ್ಗಡೆಯಾಗಲಿಲ್ಲ. ಬಣ್ಣದ ಫಲಕಗಳನ್ನೇ ಸಾಧನೆ ಎಂದು ತಿಳಿಯುವ ನಮ್ಮೆಲ್ಲರಿಗೂ ಇದರಲ್ಲಿ ಪಾಠವಿದೆ.

ಈ ಅಳತೆಯಿಂದ ಏನು ಪ್ರಯೋಜನವಾಯಿತು? ಮೇರಿಲ್ಯಾಂಡ್ ರಾಜ್ಯದ 37 ಪ್ರಾಥಮಿಕ ಶಾಲೆಗಳಲ್ಲಿ ಐದು ವರ್ಷ ನಡೆದ ಅಧ್ಯಯನದ ಫಲಿತಾಂಶವನ್ನು ಕ್ಯಾಥರೀನ್ ಬ್ರಾಡ್‌ಶಾ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದರು. ಚೀಟಿ ಎತ್ತಿದಂತೆ ಶಾಲೆಗಳನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ತರಬೇತಿ ನೀಡಲಾಗಿತ್ತು. ತರಬೇತಿ ಪಡೆದ ಶಾಲೆಗಳು ಕಾರ್ಯಕ್ರಮವನ್ನು ನಿಷ್ಠೆಯಿಂದ ನಡೆಸಿದವು ಎಂಬುದು ಮೊದಲು ಖಾತ್ರಿಯಾಯಿತು. ಅಲ್ಲಿ ಮಕ್ಕಳನ್ನು ಅಮಾನತು ಮಾಡುವುದೂ ಕಚೇರಿಗೆ ಕಳುಹಿಸುವುದೂ ಕಡಿಮೆಯಾಯಿತು. ಪರೀಕ್ಷೆಯ ಅಂಕಗಳಲ್ಲಿ ಮಾತ್ರ ಖಚಿತವಾದ ಏರಿಕೆ ಕಾಣಲಿಲ್ಲ. ಅದನ್ನೂ ಅವರು ಮುಚ್ಚಿಡದೆ ಬರೆದರು.

ಇಷ್ಟಕ್ಕೇ ಎಲ್ಲವೂ ಸರಿಹೋಯಿತೆಂದು ಭಾವಿಸಬೇಕಾಗಿಲ್ಲ. ಒಂದು ಶಾಲೆಯ ಸರಾಸರಿ ಅಂಕ ಬಹಳಷ್ಟನ್ನು ಮರೆಮಾಚಬಲ್ಲದು. ಈ ಕಾರ್ಯಕ್ರಮವಿದ್ದ ಶಾಲೆಗಳಲ್ಲೂ ಕಪ್ಪು ಜನಾಂಗದ ಮಕ್ಕಳೇ ಹೆಚ್ಚಾಗಿ ಶಿಸ್ತುಕ್ರಮಕ್ಕೆ ಒಳಗಾಗುತ್ತಿದ್ದರು ಎಂಬುದನ್ನು ರಸೆಲ್ ಸ್ಕಿಬಾ ಮತ್ತಿತರರು 2011ರಲ್ಲಿ ತೋರಿಸಿಕೊಟ್ಟರು. ನಮ್ಮಲ್ಲೂ ತರಗತಿಯಿಂದ ಹೊರಗೆ ನಿಲ್ಲುವ ಮಕ್ಕಳು ಯಾರು, ಯಾವ ಮನೆಯವರು ಎಂದು ಲೆಕ್ಕ ಹಾಕಿದರೆ ನಾವು ತಲೆ ತಗ್ಗಿಸಬೇಕಾದ ಪ್ರಸಂಗ ಬಂದೀತು. ದೂರುಗಳು ಕಡಿಮೆಯಾದವು ಎಂಬುದೂ ಒಮ್ಮೊಮ್ಮೆ ದೂರು ಬರೆಯುವುದನ್ನು ನಿಲ್ಲಿಸಿದ್ದರ ಫಲವೇ ಆಗಿರಬಹುದು.

ಅಮೆರಿಕದ ಮಾತು ನಮಗೇಕೆ ಎನ್ನುವವರು ಬಿಹಾರದತ್ತ ನೋಡಬಹುದು. ನಳಂದಾ ಜಿಲ್ಲೆಯ 74 ಸರ್ಕಾರಿ ಪ್ರೌಢಶಾಲೆಗಳಲ್ಲಿ 'ಸೆಹೆರ್' ಎಂಬ ಕಾರ್ಯಕ್ರಮದ ಪ್ರಯೋಗ ನಡೆಯಿತು. ಅದರ ವರದಿ 2018ರಲ್ಲಿ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ನಮ್ಮ ನೆರೆಯ ಗೋವಾದ 'ಸಂಗಾತ್' ಸಂಸ್ಥೆಯೂ ಇದರಲ್ಲಿ ಕೈಜೋಡಿಸಿತ್ತು. ಇದು ವರ್ತನಾ ಬೆಂಬಲ ಎಂಬ ಹೆಸರಿನ ಕಾರ್ಯಕ್ರಮವಲ್ಲ. ಆದರೆ ಶಾಲೆಯ ಇಡೀ ವಾತಾವರಣವನ್ನು ಮಕ್ಕಳ ಪರವಾಗಿ ಬದಲಿಸುವ ಉದ್ದೇಶ ಅದೇ. ಕೆಲವು ಶಾಲೆಗಳಲ್ಲಿ ಇದನ್ನು ಅಲ್ಲಿನ ಶಿಕ್ಷಕರೇ ನಡೆಸಿದರು. ಇನ್ನು ಕೆಲವು ಶಾಲೆಗಳಲ್ಲಿ ಇದೇ ಕೆಲಸಕ್ಕೆಂದು ನೇಮಕವಾದ, ತಜ್ಞರಲ್ಲದ ಆಪ್ತ ಸಲಹೆಗಾರರು ನಡೆಸಿದರು. ಸಲಹೆಗಾರರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು, ಮಕ್ಕಳ ನಡುವಣ ದಬ್ಬಾಳಿಕೆ ಮತ್ತು ಹಿಂಸೆ ಇಳಿಯಿತು. ಶಿಕ್ಷಕರು ನಡೆಸಿದ ಶಾಲೆಗಳಲ್ಲಿ, ಕಾರ್ಯಕ್ರಮ ಇಲ್ಲದ ಶಾಲೆಗಳಿಗಿಂತ ಬೇರೆ ಫಲ ಕಾಣಲಿಲ್ಲ.

ಇದರಿಂದ ಶಿಕ್ಷಕರು ಅಸಮರ್ಥರೆಂದು ತೀರ್ಮಾನಿಸುವುದು ಅನ್ಯಾಯವಾದೀತು. ಪಾಠ, ಪರೀಕ್ಷೆ, ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆ ಎಲ್ಲವನ್ನೂ ಹೊತ್ತ ಹೆಗಲಿಗೆ ಇನ್ನೊಂದು ಹೊರೆ ಏರಿಸಿ, ಸಮಯವನ್ನೂ ನೆರವನ್ನೂ ಕೊಡದಿದ್ದರೆ ಕಾರ್ಯಕ್ರಮ ಕಾಗದದಲ್ಲೇ ಉಳಿಯುತ್ತದೆ. ನಳಂದಾದಲ್ಲಿ ಯಾರೂ ಅಳೆದು ನೋಡದೆ, ಶಿಕ್ಷಕರು ನಡೆಸಿದ ಶಾಲೆಗಳನ್ನಷ್ಟೇ ಕಂಡಿದ್ದರೆ, "ಪ್ರೀತಿಯಿಂದ ಹೇಳಿದರೆ ನಮ್ಮ ಮಕ್ಕಳು ಕೇಳುವುದಿಲ್ಲ" ಎಂಬ ತೀರ್ಮಾನ ಸಿದ್ಧವಾಗಿರುತ್ತಿತ್ತು. ಅಳತೆ ಇಲ್ಲದಿದ್ದಲ್ಲಿ ಸೋಲಿನ ಹೊಣೆ ಸೌಮ್ಯತೆಯ ತಲೆಗೆ ಬೀಳುತ್ತದೆ, ಬೆತ್ತಕ್ಕೆ ಮತ್ತೆ ಮರ್ಯಾದೆ ಬರುತ್ತದೆ. ಅಪಾಯ ಇರುವುದು ಇಲ್ಲಿಯೇ.

ಇನ್ನೊಂದು ವಿಪರ್ಯಾಸವನ್ನೂ ಗಮನಿಸಬೇಕು. ಅಮೆರಿಕದ ಹಲವು ರಾಜ್ಯಗಳಲ್ಲಿ ಶಾಲೆಯ ಪೆಟ್ಟಿಗೆ ಇಂದಿಗೂ ಕಾನೂನಿನ ತಡೆಯಿಲ್ಲ. ಅಲ್ಲಿ ಎಲ್ಲೆಡೆ ನಿಷೇಧವಿಲ್ಲ, ಆದರೆ ಅಳತೆ ಇದೆ. ನಮ್ಮಲ್ಲಿ ನಿಷೇಧವಿದೆ, ಅಳತೆ ಇಲ್ಲ. ನಿಷೇಧದ ವ್ಯಾಪ್ತಿಯೂ ಚರ್ಚೆಯ ವಿಷಯವಾಗಿದೆ. ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪು ನೀಡಿತು. 2025ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠವು ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ನ್ಯಾಯಾಲಯದ ಕೊನೆಯ ಮಾತು ಏನೇ ಆಗಲಿ, ಅಲ್ಪಸಂಖ್ಯಾತ ಸಂಸ್ಥೆಗಳನ್ನು ನಡೆಸುವವರು ಕಾನೂನು ತಮ್ಮನ್ನು ಕಟ್ಟುವ ತನಕ ಕಾಯಬೇಕೇ? ಪೆಟ್ಟು ಬೀಳುವ ಅಂಗೈಗೆ ಶಾಲೆ ಯಾವ ವರ್ಗದ್ದೆಂಬ ವ್ಯತ್ಯಾಸ ಗೊತ್ತಾಗದು.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಹಣ ಬೇಡ, ವಿದೇಶಿ ಪಟ್ಟಿಯ ಯಥಾನಕಲೂ ಬೇಡ. ವರ್ಷಕ್ಕೆ ಎರಡು ಸಲ ನೆರೆಯ ಶಾಲೆಯ ಇಬ್ಬರು ಶಿಕ್ಷಕರು ಬಂದು ಅರ್ಧ ದಿನ ಕಳೆದರೆ ಸಾಕು. ಹದಿನೈದು ಮಕ್ಕಳನ್ನು ಅವರೇ ಆರಿಸಲಿ, ಮುಖ್ಯೋಪಾಧ್ಯಾಯರು ಮುಂದೆ ನಿಲ್ಲಿಸಿದ ಜಾಣ ಮಕ್ಕಳನ್ನಲ್ಲ. ನಿಯಮ ಏನೆಂದು ಕೇಳಲಿ, ಅದನ್ನು ಯಾರು ಯಾವಾಗ ಕಲಿಸಿದರೆಂದು ಕೇಳಲಿ. ಕಳೆದ ತಿಂಗಳು ಹೊಗಳಿಕೆ ಸಿಕ್ಕಿತೇ, ಪೆಟ್ಟು ಅಥವಾ ಬೈಗುಳ ಸಿಕ್ಕಿತೇ ಎಂದು ಹೆಸರು ಬರೆದುಕೊಳ್ಳದೆ ಕೇಳಲಿ. ಆಫೀಸಿನ ಸಹಾಯಕರನ್ನೂ ಅಡುಗೆಯವರನ್ನೂ ವಾಹನ ಚಾಲಕರನ್ನೂ ಮಾತನಾಡಿಸಲಿ. ಮಕ್ಕಳ ನಿಜವಾದ ನಡತೆಯನ್ನೂ ದೊಡ್ಡವರ ನಿಜವಾದ ನಡತೆಯನ್ನೂ ಕಂಡವರು ಅವರು.

ಆದರೆ ಒಂದು ಎಚ್ಚರ ಅಗತ್ಯ. ಈ ಅಂಕಗಳಿಂದ ಶಾಲೆಗಳಿಗೆ ರ‍್ಯಾಂಕ್ ಕೊಡಬಾರದು, ಪತ್ರಿಕೆಗೆ ಹೇಳಿಕೆ ಕೊಡಬಾರದು, ಯಾವ ಶಿಕ್ಷಕರ ಬಡ್ತಿಯನ್ನೂ ಇದಕ್ಕೆ ಗಂಟು ಹಾಕಬಾರದು. ಹಾಗೆ ಮಾಡಿದ ಮರುವರ್ಷವೇ ಎಲ್ಲ ಶಾಲೆಗಳೂ ಕಾಗದದ ಮೇಲೆ ನೂರಕ್ಕೆ ನೂರು ಪಡೆದಿರುತ್ತವೆ. ಅಂಕಗಳು ಮೊದಲು ಶಿಕ್ಷಕರ ಕೈಗೆ, ಆಮೇಲೆ ಹೆತ್ತವರ ಸಭೆಗೆ ಬರಲಿ. ಎಲ್ಲಿ ಕಡಿಮೆಯಾಯಿತೋ ಅಲ್ಲಿ ಶಿಕ್ಷಕರಿಗೆ ಏನು ನೆರವು ಬೇಕೆಂದು ಆಡಳಿತ ಮಂಡಳಿ ಕೇಳಲಿ. ಮಕ್ಕಳ ತಪ್ಪನ್ನು ಶಿಕ್ಷೆಯಿಲ್ಲದೆ ತಿದ್ದಬೇಕೆನ್ನುವ ನಾವು, ಶಾಲೆಯ ತಪ್ಪನ್ನು ಶಿಕ್ಷೆಯಿಂದ ತಿದ್ದಹೊರಟರೆ ಅದಕ್ಕೆ ಅರ್ಥವಿಲ್ಲ.

ಹೆತ್ತವರಲ್ಲಿಯೂ ನಮ್ಮದೊಂದು ವಿನಂತಿ. ಮುಂದಿನ ಸಭೆಯಲ್ಲಿ ಫಲಿತಾಂಶದ ಶೇಕಡಾವಾರು ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿರಿ: "ನಮ್ಮ ಮಕ್ಕಳಿಗೆ ಒಳ್ಳೆಯ ನಡತೆಯನ್ನು ಇಲ್ಲಿ ಹೇಗೆ ಕಲಿಸುತ್ತೀರಿ, ಕಲಿತರೆಂದು ಹೇಗೆ ತಿಳಿಯುತ್ತೀರಿ?" ಉತ್ತರವಾಗಿ ಗೋಡೆಯ ಫಲಕವನ್ನು ತೋರಿಸಿದರೆ, ಮನೆಗೆ ಬಂದು ಮಗುವನ್ನೇ ಕೇಳಿ ನೋಡಿರಿ.