ಗುಂಡಿ ಹಾಕದ ಅಂಗಿಗೆ ಪೂರ್ತಿ ಕೂಲಿ ಯಾಕೆ?

ನಮ್ಮ ಅಬ್ಬಾ ಟೈಲರ್. ವಿಜಯನಗರದ ಪೈಪ್‌ಲೈನ್ ರಸ್ತೆಯಲ್ಲಿ ಎರಡು ಮೆಷಿನ್ ಹಿಡಿಸುವಷ್ಟು ಜಾಗದ ಅಂಗಡಿ. ಈ ಸಲದ ರಂಜಾನ್ ಸೀಸನ್ನಿನಲ್ಲಿ ರಾತ್ರಿ ಎರಡು ಗಂಟೆಯ ತನಕ ಹೊಲಿದರು, ಜೂನ್‌ನಲ್ಲಿ ಶಾಲೆಯ ಯೂನಿಫಾರ್ಮ್ ಹೊಲಿದರು. ಮನೆ ಖರ್ಚೆಲ್ಲ ಕಳೆದು ಸ್ವಲ್ಪ ಸ್ವಲ್ಪವಾಗಿ 18,000 ರೂಪಾಯಿ ತೆಗೆದಿಟ್ಟಿದ್ದಾರೆ. ಅದು ನನ್ನ ಫೋನಿಗೆ. ಈಗ ನನ್ನ ಕೈಯಲ್ಲಿರುವುದು ಆಪಾ ಬಳಸಿ ಬಿಟ್ಟ ಫೋನ್. ಗಾಜು ಒಡೆದಿದೆ, ಮಧ್ಯಾಹ್ನದ ಹೊತ್ತಿಗೆ ಚಾರ್ಜ್ ಮುಗಿಯುತ್ತದೆ. ಸಿಇಟಿಗೆ ಓದುವವರಿಗೆ ಇದು ಎಷ್ಟು ಕಷ್ಟ ಎಂದು ಬೇರೆ ಹೇಳಬೇಕಿಲ್ಲ.

(ಕಾಲೇಜಿಗೆ ಫೋನ್ ತರಬಾರದೆಂಬ ನಿಯಮ ಗೊತ್ತಿದೆ. ಪ್ರಿನ್ಸಿಪಾಲರು ಓದುತ್ತಿದ್ದರೆ, ಸರ್, ಇದು ಮನೆಯಲ್ಲಿಡುವ ಫೋನಿನ ಮಾತು.)

ನನ್ನ ಮುಂದೆ ಎರಡು ಫೋನ್‌ಗಳಿವೆ. ಒಂದು ಹೋದ ತಿಂಗಳು ಬಿಡುಗಡೆಯಾದದ್ದು. ಜಾಹೀರಾತಿನಲ್ಲಿ ಫೋಟೊ ತಾನೇ ತಿದ್ದುತ್ತದೆ, ಪಾಠ ಕೇಳಿಸಿಕೊಂಡು ನೋಟ್ಸ್ ಬರೆಯುತ್ತದೆ ಎಂದೆಲ್ಲ ಇದೆ. ಪಕ್ಕದಲ್ಲೊಂದು ನಕ್ಷತ್ರದ ಗುರುತು. ಆ ಗುರುತನ್ನು ಹಿಡಿದು ಕೆಳಗೆ ಹೋದರೆ ಇರುವೆ ಗಾತ್ರದ ಅಕ್ಷರದಲ್ಲಿ ‘ಮುಂದಿನ ಅಪ್‌ಡೇಟ್‌ನಲ್ಲಿ ಲಭ್ಯ’ ಎಂದಿದೆ. ಇನ್ನೊಂದು ಅದೇ ಕಂಪನಿಯ ಹೋದ ವರ್ಷದ ಮಾದರಿ, 3,000 ರೂಪಾಯಿ ಕಡಿಮೆ. ಕ್ಲಾಸಿನಲ್ಲಿ ಯಾರನ್ನು ಕೇಳಿದರೂ ಹೊಸದನ್ನೇ ತಗೋ ಎನ್ನುತ್ತಾರೆ. ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಹೋದ ವರ್ಷದ್ದೇ ಸರಿ ಎನಿಸಿದೆ. ಯಾಕೆಂದು ಹೇಳುತ್ತೇನೆ.

ಕೆಂಗೇರಿಯಲ್ಲಿರುವ ನಮ್ಮ ಮಾಮುವಿನ ಮಗ ಊಟದ ಪಾರ್ಸೆಲ್ ಡೆಲಿವರಿ ಮಾಡುತ್ತಾರೆ. ನನಗಿಂತ ಐದು ವರ್ಷ ದೊಡ್ಡವರು, ನಾವೆಲ್ಲ ಭಾಯ್ ಎಂದೇ ಕರೆಯುವುದು. ಹೋದ ವರ್ಷ ಒಂದು ಹೊಸ ಫೋನನ್ನು ಮಾರಾಟ ಶುರುವಾದ ಮೊದಲ ದಿನವೇ ಕೊಂಡರು. ಎರಡನೇ ವಾರದಿಂದ ತೊಂದರೆ. ನಾಗರಬಾವಿಯ ಮನೆಯೊಂದರ ಗೇಟಿನ ಮುಂದೆ ನಿಂತಿದ್ದರೂ ಮ್ಯಾಪ್ ಅವರನ್ನು ರಿಂಗ್ ರೋಡಿನ ಆಚೆ ತೋರಿಸುತ್ತಿತ್ತು. ಬಿಸಿಲಿನಲ್ಲಿ ಫೋನ್ ಕಾದು ಆ್ಯಪ್ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅರ್ಧ ದಿನದ ದುಡಿಮೆ ಬಿಟ್ಟು ಸರ್ವಿಸ್ ಸೆಂಟರಿಗೆ ಹೋದರೆ, ‘ಫೋನ್‌ನಲ್ಲಿ ತೊಂದರೆ ಇಲ್ಲ, ಸಾಫ್ಟ್‌ವೇರ್‌ದು, ಮುಂದಿನ ಅಪ್‌ಡೇಟ್‌ನಲ್ಲಿ ಸರಿಹೋಗುತ್ತೆ’ ಎಂದರು.

ನಿಜ ಹೇಳಬೇಕೆಂದರೆ, ಸರಿಹೋಯಿತು. ನಾಲ್ಕನೇ ತಿಂಗಳು ಅಪ್‌ಡೇಟ್ ಬಂತು, ಈಗ ಒಳ್ಳೆಯ ಫೋನೇ. ಆದರೆ ಅಷ್ಟರೊಳಗೆ ತಡವಾದ ಆರ್ಡರ್‌ಗಳಿಗೆ ಗಿರಾಕಿಗಳು ಕೊಟ್ಟ ಒಂದು ಸ್ಟಾರ್, ಎರಡು ಸ್ಟಾರ್‌ಗಳನ್ನು ಯಾವ ಅಪ್‌ಡೇಟೂ ಅಳಿಸಲಿಲ್ಲ. ಇನ್ನೊಂದು ಸಂಗತಿ ಭಾಯ್‌ಗೆ ಹೆಚ್ಚು ಹೊಟ್ಟೆ ಉರಿಸಿದ್ದು. ಅಪ್‌ಡೇಟ್ ಬರುವ ಹೊತ್ತಿಗೆ ಅದೇ ಫೋನಿನ ಬೆಲೆ 2,500 ಇಳಿದಿತ್ತು. ಅಂದರೆ ಕೆಟ್ಟ ಫೋನಿಗೆ ಅವರು ಹೆಚ್ಚು ಕೊಟ್ಟರು, ಸರಿಯಾದ ಫೋನಿಗೆ ಆಮೇಲೆ ಬಂದವರು ಕಡಿಮೆ ಕೊಟ್ಟರು.

ಇದನ್ನೆಲ್ಲ ಅಬ್ಬಾಗೆ ವಿವರಿಸಿದೆ. ಅವರಿಗೆ ಸಾಫ್ಟ್‌ವೇರ್ ಅರ್ಥವಾಗುವುದಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ‘ಅಂದ್ರೆ ಕಾಜಾ ಬಟನ್ ಆಗದ ಶರ್ಟ್ ಕೊಟ್ಟು, ಹಬ್ಬ ಆದ ಮೇಲೆ ಬಾ ಹಾಕ್ತೀನಿ ಅಂದ ಹಾಗೆ?’ ಎಂದು ಕೇಳಿದರು. ಹೌದು ಎಂದೆ. ‘ಕೂಲಿ ಪೂರ್ತಿ ತಗೊಂಡ್ರಾ?’ ಹೌದು ಎಂದೆ. ‘ಹಾಗೆ ಮಾಡಿದ್ರೆ ನನ್ನ ಅಂಗಡಿಗೆ ಇನ್ನೊಂದು ಸಲ ಯಾರು ಬರ್ತಾರೆ?’ ಎಂದು ಮತ್ತೆ ಮೆಷಿನ್ ತುಳಿಯತೊಡಗಿದರು.

ಫೋನ್ ಅಂಗಡಿಗೆ ಮಾತ್ರ ನಾವು ಇನ್ನೊಂದು ಸಲವೂ ಹೋಗುತ್ತೇವೆ, ಮತ್ತೊಂದು ಸಲವೂ ಹೋಗುತ್ತೇವೆ.

ಕಾದರೆ ಸಿಗುವ ಮಾತುಗಳೂ ಇರುತ್ತವೆ, ಅದನ್ನು ಮುಚ್ಚಿಡುವುದಿಲ್ಲ. 2022ರ ಅಕ್ಟೋಬರ್ 6ರಂದು ಏರ್‌ಟೆಲ್ 5ಜಿ ಶುರು ಮಾಡಿದ ಎಂಟು ನಗರಗಳಲ್ಲಿ ನಮ್ಮ ಬೆಂಗಳೂರೂ ಒಂದು. ಜಿಯೊ ನವೆಂಬರ್‌ನಲ್ಲಿ ಇಲ್ಲಿಗೆ ಬಂತು. ಆಗ ಎಷ್ಟೋ ಜನರ ಕೈಯಲ್ಲಿ 5ಜಿ ಎಂದು ಬರೆದಿದ್ದ ಫೋನ್‌ಗಳು ಆಗಲೇ ಇದ್ದವು. ನೆಟ್‌ವರ್ಕ್ ಬಂತು, ಫೋನ್‌ನಲ್ಲಿ 5ಜಿ ಬರಲಿಲ್ಲ. ಒಳಗಿನ ಚಿಪ್ ತಯಾರಿತ್ತು, ಅದನ್ನು ಇಲ್ಲಿನ ನೆಟ್‌ವರ್ಕ್‌ಗೆ ತೆರೆದುಕೊಡುವ ಸಾಫ್ಟ್‌ವೇರ್ ಇರಲಿಲ್ಲ. ಕೇಂದ್ರ ಸರ್ಕಾರ ಕಂಪನಿಗಳನ್ನು ಕೂರಿಸಿಕೊಂಡು ಬೇಗ ಮಾಡಿ ಎನ್ನಬೇಕಾಯಿತು. ಐಫೋನ್‌ಗಳಿಗೆ ಆ ಅಪ್‌ಡೇಟ್ ಬಂದದ್ದು ಡಿಸೆಂಬರ್‌ನಲ್ಲಿ. ಬಂದ ಮೇಲೆ ಚೆನ್ನಾಗಿಯೇ ನಡೆಯಿತು. ಇಲ್ಲಿ ಒಂದು ವ್ಯತ್ಯಾಸವಿದೆ: ಅದಕ್ಕೆ ಬೇಕಾದ ಯಂತ್ರ ಫೋನಿನೊಳಗೇ ಇತ್ತು, 5ಜಿ ಇಲ್ಲದೆಯೂ ಆ ಫೋನ್ 4ಜಿಯಲ್ಲಿ ಸರಿಯಾಗಿ ಕೆಲಸ ಮಾಡುತ್ತಿತ್ತು. ಅಂಗಿಗೆ ಗುಂಡಿ ಇತ್ತು, ಜೇಬಿನ ಮೇಲಿನ ಕಸೂತಿ ಮಾತ್ರ ಬಾಕಿ.

ದುಬಾರಿ ಫೋನಿನವರಿಗೆ ಈ ಕಷ್ಟ ಇಲ್ಲ ಎಂದು ತಿಳಿಯಬೇಡಿ. 2024ರ ಸೆಪ್ಟೆಂಬರ್ 20ರಂದು ಐಫೋನ್ 16 ಮಾರಾಟ ಶುರುವಾಯಿತು. ಆಗ ನಮ್ಮ ದೇಶದಲ್ಲಿ ಅದರ ಬೆಲೆ 79,900 ರೂಪಾಯಿಯಿಂದ ಶುರುವಾಗುತ್ತಿತ್ತು. ‘ಆಪಲ್ ಇಂಟೆಲಿಜೆನ್ಸ್’ಗಾಗಿಯೇ ಮಾಡಿದ ಫೋನ್ ಎಂದು ಕಂಪನಿ ಹೇಳಿತ್ತು. ಕೊಂಡ ದಿನ ಅದು ಫೋನಿನಲ್ಲಿ ಇರಲಿಲ್ಲ. ಮೊದಲ ಕಂತು ಅಕ್ಟೋಬರ್ ಕೊನೆಗೆ ಬಂತು, ಅದೂ ಅಮೆರಿಕದ ಇಂಗ್ಲಿಷಿಗೆ ಮಾತ್ರ. ಭಾರತದ ಇಂಗ್ಲಿಷಿಗೆ ಬಂದದ್ದು 2025ರ ಮಾರ್ಚ್ ಕೊನೆಗೆ. ನಮ್ಮ ಮೆಸೇಜು, ಮೇಲ್‌ಗಳನ್ನೆಲ್ಲ ಅರಿತು ಉತ್ತರ ಕೊಡುವ ಸಿರಿ ಬರುತ್ತದೆ ಎಂದು ಟಿವಿಯಲ್ಲಿ ತೋರಿಸಿದ್ದರಲ್ಲ, ಅದು ಇನ್ನೂ ತಡವಾಗುತ್ತದೆಂದು ಅದೇ ಮಾರ್ಚ್‌ನಲ್ಲಿ ಕಂಪನಿಯೇ ಒಪ್ಪಿಕೊಂಡಿತು, ಜಾಹೀರಾತನ್ನೂ ಹಿಂತೆಗೆದುಕೊಂಡಿತು. ಐಫೋನ್ ಜೋಡಿಸುವ ಕಾರ್ಖಾನೆ ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲೇ ಇದೆ. ಆದರೆ ಆ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ.

79,900 ಕೊಡಬಲ್ಲವರು ಆರು ತಿಂಗಳು ಕಾಯಬಲ್ಲರು. ನನಗೆ ನೋವಾಗುವುದು ಅಗ್ಗದ ಫೋನಿನ ಕಥೆ ಕೇಳಿದಾಗ. 2014ರ ಆಗಸ್ಟ್‌ನಲ್ಲಿ ಇಂಟೆಕ್ಸ್ ಕಂಪನಿ ‘ಕ್ಲೌಡ್ ಎಫ್‌ಎಕ್ಸ್’ ಎಂಬ ಸ್ಮಾರ್ಟ್‌ಫೋನ್ ತಂದಿತು, ಬೆಲೆ ಬರೀ 1,999. ಒಳಗಿದ್ದದ್ದು ಮೊಜಿಲ್ಲಾದವರ ಫೈರ್‌ಫಾಕ್ಸ್ ಓಎಸ್. ಸ್ಮಾರ್ಟ್‌ಫೋನ್ ಮುಟ್ಟಿಯೇ ನೋಡದವರಿಗೆ ಅದು ಮೊದಲ ಮೆಟ್ಟಿಲಾಗಬೇಕಿತ್ತು. ಆದರೆ ಎಲ್ಲರೂ ಕೇಳುವ ವಾಟ್ಸ್‌ಆ್ಯಪ್ ಅದರಲ್ಲಿ ಇರಲಿಲ್ಲ. 2015ರ ಡಿಸೆಂಬರ್‌ನಲ್ಲಿ ಮೊಜಿಲ್ಲಾ, ಫೋನಿನ ಕೆಲಸವನ್ನೇ ನಿಲ್ಲಿಸುತ್ತೇವೆ ಎಂದಿತು. ಆಮೇಲೆ ಆ ಸಾಫ್ಟ್‌ವೇರ್‌ನ ಬೇರಿನಿಂದಲೇ ಕೈಓಎಸ್ ಹುಟ್ಟಿತು, ಅದು 2017ರಲ್ಲಿ ಜಿಯೊಫೋನ್ ಒಳಗೆ ಬಂತು, 2018ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ವಾಟ್ಸ್‌ಆ್ಯಪ್ ಕೂಡ ಬಂತು. ನಮ್ಮ ನಾನಿ ಆ ಕೀಪ್ಯಾಡ್ ಫೋನಿನಲ್ಲೇ ನಮಗೆ ಈದ್ ಮುಬಾರಕ್ ಕಳಿಸುತ್ತಿದ್ದರು. ಬೀಜ ಒಳ್ಳೆಯದೇ ಇತ್ತು. ಮೊದಲು ದುಡ್ಡು ಕೊಟ್ಟವರಿಗೆ ಮಾತ್ರ ಹಣ್ಣು ಸಿಗಲಿಲ್ಲ.

ನನ್ನ ಬೆಂಚಿನ ಗೆಳೆಯನದು ಬೇರೆಯೇ ವಾದ. ‘ಪೂರ್ತಿಯಾದ ಸಾಫ್ಟ್‌ವೇರ್ ಅಂತ ಯಾವುದೂ ಇಲ್ಲ ಕಣೋ. ಕಾಯ್ತಾ ಕೂತರೆ ಅಷ್ಟರಲ್ಲಿ ಇನ್ನೊಂದು ಬರುತ್ತೆ’ ಎನ್ನುತ್ತಾನೆ. ಅರ್ಧ ಸತ್ಯ. ಭದ್ರತೆಯ ಅಪ್‌ಡೇಟ್ ಬರುತ್ತಲೇ ಇರಬೇಕು, ಅದು ನಿಂತ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಇಡುವುದು ಅಪಾಯ. ಅವನು ಎತ್ತಿದ ಇನ್ನೊಂದು ಪಾಯಿಂಟ್ ನನಗೆ ಹೊಳೆದಿರಲಿಲ್ಲ. ಕಂಪನಿ ಇಷ್ಟು ವರ್ಷ ಅಪ್‌ಡೇಟ್ ಕೊಡುತ್ತೇವೆ ಎಂದರೆ ಲೆಕ್ಕ ಸಾಮಾನ್ಯವಾಗಿ ಫೋನ್ ಬಿಡುಗಡೆಯಾದ ದಿನದಿಂದ, ನಾವು ಕೊಂಡ ದಿನದಿಂದಲ್ಲ. ಗೂಗಲ್ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ರಿಂದ ಏಳು ವರ್ಷ ಎನ್ನುತ್ತವೆ. ನಮ್ಮ ಬೆಲೆಯ ಫೋನ್‌ಗಳಿಗೆ ಅಷ್ಟು ಸಿಗುವುದಿಲ್ಲ. ನಾನು ನೋಡಿದ ಹಳೆಯ ಮಾದರಿಗೆ ನಾಲ್ಕು ವರ್ಷ, ಅದರಲ್ಲಿ ಒಂದು ಆಗಲೇ ಹೋಗಿದೆ. ಅಂದರೆ ನಾನು ಒಂದು ವರ್ಷ ಕಳೆದುಕೊಳ್ಳುತ್ತೇನೆ. ಇದು ನಷ್ಟವೇ. ಆದರೂ ಈ ನಷ್ಟ ಎಷ್ಟೆಂದು ನನಗೆ ಇವತ್ತೇ ಗೊತ್ತು. ‘ಮುಂದಿನ ಅಪ್‌ಡೇಟ್’ ಯಾವ ತಿಂಗಳು ಎಂಬುದು ಯಾರಿಗೂ ಗೊತ್ತಿಲ್ಲ, ನನ್ನ ಸಿಇಟಿ ಅದಕ್ಕೆ ಕಾಯುವುದಿಲ್ಲ.

ದೂರು ಕೊಡಬಾರದೇ ಎಂದು ಕೇಳಬಹುದು. ಕೊಡಬಹುದು, ಕೊಡಬೇಕು ಕೂಡ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಶಿಕ್ಷೆ ಇದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915. ಐಒಎಸ್ 18 ಅಪ್‌ಡೇಟ್ ಹಾಕಿದ ಮೇಲೆ ಫೋನ್ ಸರಿಯಾಗಿ ನಡೆಯುತ್ತಿಲ್ಲ ಎಂದು ಈ ಸಹಾಯವಾಣಿಗೆ ಬಂದ ದೂರುಗಳ ಮೇಲೆಯೇ ಆಪಲ್‌ಗೆ ನೋಟಿಸ್ ಕೊಡಲಾಗಿದೆ ಎಂದು 2025ರ ಜನವರಿಯಲ್ಲಿ ಕೇಂದ್ರ ಸಚಿವ, ನಮ್ಮ ಧಾರವಾಡದ ಸಂಸದ ಪ್ರಲ್ಹಾದ ಜೋಶಿ ತಿಳಿಸಿದ್ದರು. ಆದರೆ ಭಾಯ್ ದೂರು ಕೊಡಲಿಲ್ಲ. ಬಿಲ್ ಹುಡುಕಿ, ಜಾಹೀರಾತಿನ ಸ್ಕ್ರೀನ್‌ಶಾಟ್ ಹುಡುಕಿ ಕೂತರೆ ಅವತ್ತಿನ ದುಡಿಮೆ ಹೋಗುತ್ತದೆ ಎಂದರು. ದಿನಗೂಲಿಯವರ ಮನೆಗಳಲ್ಲಿ ಎಷ್ಟು ದೂರುಗಳು ಹೀಗೆ ಒಳಗೇ ಉಳಿಯುತ್ತವೋ.

ಅದಕ್ಕೇ ದುಡ್ಡು ಕೊಡುವ ಮುಂಚೆ ಜೋರಾಗಿ ಕೇಳುವುದು ಮೇಲು. ಬರುವ ಭಾನುವಾರ ಅಬ್ಬಾ ಜೊತೆ ರಾಜಾಜಿನಗರದ ಅಂಗಡಿಗೆ ಹೋಗುತ್ತಿದ್ದೇನೆ. ಹೊಸ ಮಾದರಿಯನ್ನೂ ಕೈಗೆ ತಗೊಂಡು, ಜಾಹೀರಾತಿನ ಆ ನಕ್ಷತ್ರದ ಸಾಲನ್ನು ತೋರಿಸಿ, ‘ಅಣ್ಣಾ, ಇದನ್ನು ಈಗಲೇ ಆನ್ ಮಾಡಿ ತೋರಿಸಿ’ ಎನ್ನುತ್ತೇನೆ. ತೋರಿಸಿದರೆ ನನ್ನ ಮಾತು ಹಿಂತೆಗೆದುಕೊಂಡು ಹೊಸದನ್ನೇ ತರುತ್ತೇನೆ. ತೋರಿಸದಿದ್ದರೆ ಹೋದ ವರ್ಷದ್ದು. ಉಳಿಯುವ 3,000ದಲ್ಲಿ ಆಪಾಳ ಹಳೆಯ ಫೋನಿಗೆ ಗಾಜು, ಬ್ಯಾಟರಿ ಹಾಕಿಸಿ ಅಮ್ಮಿಗೆ ಕೊಡುವ ಯೋಚನೆ ಇದೆ. ಅದಕ್ಕೆ ಭದ್ರತೆಯ ಅಪ್‌ಡೇಟ್ ನಿಂತು ಹೋಗಿದೆ, ಹಾಗಾಗಿ ದುಡ್ಡಿನ ಆ್ಯಪ್ ಯಾವುದೂ ಹಾಕುವುದಿಲ್ಲ. ನಾನಿಯ ಜೊತೆ ಮಾತಾಡಲು ಅಮ್ಮಿಗೆ ಅಷ್ಟು ಸಾಕಂತೆ.