ದೇಹ ಇಳಿದರೂ ಮನಸ್ಸಿನಲ್ಲಿ ಉಳಿಯುವ ತೂಕ

ಬೊಜ್ಜು ಕರಗಿಸುವ ಚುಚ್ಚುಮದ್ದುಗಳು ಭಾರತಕ್ಕೂ ಬಂದಿವೆ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೊವಿ ಮಾರುಕಟ್ಟೆ ಪ್ರವೇಶಿಸಿದವು. ಎಷ್ಟು ಕಿಲೋ ಇಳಿಯುತ್ತದೆ, ತಿಂಗಳಿಗೆ ಎಷ್ಟು ಖರ್ಚಾಗುತ್ತದೆ ಎಂಬುದೇ ಈಗ ನಗರವಾಸಿಗಳ ಚರ್ಚೆ. ತೂಕ ಇಳಿದ ಬಳಿಕ ಆ ವ್ಯಕ್ತಿ ತನ್ನ ಹೊಸ ದೇಹದೊಂದಿಗೆ ಹೇಗೆ ಬದುಕುತ್ತಾನೆ ಎಂದು ಕೇಳುವವರು ಮಾತ್ರ ಕಡಿಮೆ.

ಪ್ರಶ್ನೆ ಸಣ್ಣದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 24ರಷ್ಟು ಮಹಿಳೆಯರು ಹಾಗೂ ಶೇ. 22.9ರಷ್ಟು ಪುರುಷರು ಅಧಿಕ ತೂಕ ಅಥವಾ ಬೊಜ್ಜು ಹೊಂದಿದ್ದಾರೆ. ಕರ್ನಾಟಕದಲ್ಲಿ ಈ ಪ್ರಮಾಣ ಶೇ. 30ರ ಆಸುಪಾಸಿನಲ್ಲಿದೆ. ವೆಗೊವಿಯಲ್ಲಿರುವ ಸೆಮಾಗ್ಲುಟೈಡ್ ಕುರಿತು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 68 ವಾರಗಳಲ್ಲಿ ಸರಾಸರಿ ಶೇ. 14.9ರಷ್ಟು ತೂಕ ಇಳಿದಿತ್ತು. ಅಂದರೆ ನೂರು ಕಿಲೋ ತೂಗುತ್ತಿದ್ದವರು 85ಕ್ಕೆ ಬಂದಂತೆ.

ಆದರೆ ಮನಸ್ಸು ಅಷ್ಟು ಬೇಗ ಇಳಿಯುವುದಿಲ್ಲ. ತೂಕ ಇಳಿಸಿಕೊಂಡ ಅನೇಕರು ಅಂಗಡಿಯಲ್ಲಿ ಈಗಲೂ ದೊಡ್ಡ ಅಳತೆಯ ಅಂಗಿಗೇ ಕೈ ಚಾಚುತ್ತಾರೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಲು ಅಳುಕುತ್ತಾರೆ, ಗುಂಪು ಛಾಯಾಚಿತ್ರದಲ್ಲಿ ಹಿಂದಿನ ಸಾಲು ಹುಡುಕುತ್ತಾರೆ. ಮನಶ್ಶಾಸ್ತ್ರಜ್ಞರು ಇದನ್ನು ‘ಫ್ಯಾಂಟಮ್ ಫ್ಯಾಟ್’ ಎನ್ನುತ್ತಾರೆ. ಕೊಬ್ಬು ಹೋದರೂ ಅದರ ನೆರಳು ಉಳಿಯುವ ಸ್ಥಿತಿ ಇದು. ಶಾಲೆಯ ದಿನಗಳಿಂದ ಅಡ್ಡಹೆಸರು ಕೇಳಿ ಬೆಳೆದವರ ಮನದೊಳಗಿನ ಚಿತ್ರ ತಕ್ಕಡಿಯ ಮುಳ್ಳಿನೊಂದಿಗೆ ಬದಲಾಗುವುದಿಲ್ಲ.

ದೇಹವೂ ನಿರೀಕ್ಷಿಸಿದಂತಿರುವುದಿಲ್ಲ. ವರ್ಷಗಟ್ಟಲೆ ಹಿಗ್ಗಿದ ಚರ್ಮ ಹೊಟ್ಟೆ, ತೋಳು, ತೊಡೆಗಳಲ್ಲಿ ಜೋತು ಬೀಳುತ್ತದೆ. ಬೆವರಿಗೆ ಮಡಿಕೆಗಳಲ್ಲಿ ತುರಿಕೆ, ಸೋಂಕು ಉಂಟಾಗುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ರೂಪಿಸಿದ ಮಾದರಿ ಷರತ್ತುಗಳಲ್ಲಿ, ದೇಹತೂಕ ಸೂಚ್ಯಂಕ 40 ಅಥವಾ ಗಂಭೀರ ಕಾಯಿಲೆಗಳಿದ್ದಲ್ಲಿ 35 ದಾಟಿದವರ ಬೊಜ್ಜು ಶಸ್ತ್ರಚಿಕಿತ್ಸೆಗೆ ಅವಕಾಶವಿದೆ. ರೂಪವರ್ಧಕ ಶಸ್ತ್ರಚಿಕಿತ್ಸೆ ಮಾತ್ರ ವಿಮೆಯ ಹೊರಗೆ. ಚಿಕಿತ್ಸೆಗೆ ಅನಿವಾರ್ಯ ಎಂದು ವೈದ್ಯರು ದೃಢೀಕರಿಸದಿದ್ದರೆ ಜೋಲು ಚರ್ಮ ತೆಗೆಸುವುದು ಸೌಂದರ್ಯದ ಖಯಾಲಿಯೆಂದೇ ಗಣನೆಗೆ ಬರುತ್ತದೆ. ಹೀಗೆ ಒಂದೇ ಚಿಕಿತ್ಸೆಯ ಮೊದಲರ್ಧ ರೋಗ, ಉತ್ತರಾರ್ಧ ಅಲಂಕಾರ!

ಸಮಾಜದ ಪಾತ್ರವೂ ಇದೆ. ‘ಏನ್ರೀ ಇಷ್ಟು ಸೊರಗಿದ್ದೀರಿ, ಸಕ್ಕರೆ ಕಾಯಿಲೆಯೇ?’ ಎಂದು ಮದುವೆ ಮನೆಯಲ್ಲಿ ಕೇಳುವವರಿಗೆ ಬರವಿಲ್ಲ. ‘ಈಗ ಚೆನ್ನಾಗಿ ಕಾಣ್ತೀರಿ’ ಎಂಬ ಹೊಗಳಿಕೆಯೂ ನಿರಪಾಯಕಾರಿಯಲ್ಲ, ಅದು ನಿನ್ನೆಯ ದೇಹದ ಮೇಲಿನ ತೀರ್ಪು ಕೂಡ. ಸಂಬಂಧಗಳ ಸಮತೋಲನವೂ ಅಲುಗುತ್ತದೆ. 2018ರಲ್ಲಿ ಪ್ರಕಟವಾದ ಸ್ವೀಡನ್‌ನ ಅಧ್ಯಯನವೊಂದರಲ್ಲಿ ಬೊಜ್ಜು ಶಸ್ತ್ರಚಿಕಿತ್ಸೆಗೆ ಒಳಗಾದ ಒಂಟಿ ವ್ಯಕ್ತಿಗಳಲ್ಲಿ ಹೊಸ ಸಂಬಂಧಗಳೂ, ಸಂಗಾತಿ ಇದ್ದವರಲ್ಲಿ ಬೇರ್ಪಡೆಯೂ ಹೆಚ್ಚಿದ್ದು ಕಂಡುಬಂತು.

ಎಲ್ಲಕ್ಕಿಂತ ದೊಡ್ಡ ಆತಂಕ, ಇಳಿದದ್ದು ಮತ್ತೆ ಏರುವುದು. ಸೆಮಾಗ್ಲುಟೈಡ್ ನಿಲ್ಲಿಸಿದವರು ಒಂದು ವರ್ಷದಲ್ಲಿ, ಕಳೆದುಕೊಂಡ ತೂಕದ ಮೂರನೇ ಎರಡು ಭಾಗವನ್ನು ಮರಳಿ ಪಡೆದರೆಂದು 2022ರ ವರದಿ ಹೇಳಿತು. ತನ್ನ ಬೆಲೆಯನ್ನು ತಕ್ಕಡಿಗೆ ಒಪ್ಪಿಸಿದವರಿಗೆ ಈ ಏರಿಕೆ ಕೇವಲ ವೈದ್ಯಕೀಯ ಹಿನ್ನಡೆಯಲ್ಲ, ಅದು ಸ್ವಾಭಿಮಾನದ ಕುಸಿತ.

ಆದ್ದರಿಂದ ಬೊಜ್ಜಿನ ಚಿಕಿತ್ಸೆ ಔಷಧ ಚೀಟಿಗೇ ಮುಗಿಯಬಾರದು. ಚಿಕಿತ್ಸೆಗೆ ಮುನ್ನ, ನಡುವೆ ಮತ್ತು ನಂತರ ಆಪ್ತ ಸಮಾಲೋಚನೆ ಅದರ ಭಾಗವಾಗಬೇಕು. ತೀವ್ರವಾಗಿ ಕುಗ್ಗಿದವರಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ (14416) ಇದೆ. ಆದರೆ ರೋಗಿ ಕುಗ್ಗುವ ತನಕ ವ್ಯವಸ್ಥೆ ಕಾಯಬೇಕಿಲ್ಲ. ತೂಕ ನೋಡುವ ವೈದ್ಯರು ‘ಹೇಗನ್ನಿಸುತ್ತಿದೆ?’ ಎಂದೂ ಕೇಳುವುದು ಮೊದಲ ಹೆಜ್ಜೆ. ಉಳಿದವರು ಮಾಡಬೇಕಾದ್ದು ಇನ್ನೂ ಸುಲಭ: ಎದುರಿಗೆ ಸಿಕ್ಕವರ ದೇಹದ ಬಗ್ಗೆ ಮಾತೆತ್ತದಿರುವುದು.